ಹೆಸರಿನ ಪ್ರಕಾರ ಜೋಡಿಸಿದ ನಾಲ್ಕು ಉತ್ತರಗಳು

ನಲವತ್ತೇಳನೇ ನಂಬರಿನ ಉತ್ತರಪತ್ರಿಕೆಯನ್ನು ಶಿಕ್ಷಕಿ ಮೆನ್ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಸೂಜಿ ಚುಚ್ಚಿದ ತೂತಿರಲಿಲ್ಲ. ಮೂಲೆ ಮಡಚಿರಲಿಲ್ಲ. ಶಾಯಿ ಮೊದಲ ಪುಟದಿಂದ ಕೊನೆಯ ಪುಟದವರೆಗೂ ಒಂದೇ ನೀಲಿ. ಹಾಗಿದ್ದರೂ ಅವರು ಅದನ್ನು ಕೆಳಗಿಡಲಿಲ್ಲ. ತಿದ್ದಿ ಪಕ್ಕಕ್ಕಿಟ್ಟಿದ್ದ ಕಟ್ಟನ್ನು ಎಳೆದುಕೊಂಡು, ಅದರಿಂದ ಹನ್ನೆರಡನೇ ನಂಬರನ್ನು ಹುಡುಕಿ ತೆಗೆದು, ಎರಡನ್ನೂ ಅಕ್ಕಪಕ್ಕ ಇಟ್ಟರು.

ಐದನೇ ಪ್ರಶ್ನೆ. ಎರಡರಲ್ಲೂ ಅದೇ ತಪ್ಪು ಉತ್ತರ. ಉತ್ತರದ ಮೇಲೆ ಎರಡರಲ್ಲೂ ಅದೇ ಸಾಲು: 'ಹೆಸರಿನ ಪ್ರಕಾರ ಜೋಡಿಸಿದರೆ'.

ಯಾರ ಹೆಸರೂ ಇರಬಾರದ ಪತ್ರಿಕೆಯಲ್ಲಿ ಹೆಸರು ಎಂಬ ಮಾತು ಯಾಕೆ ಬಂತು?

ನಾಮ್ ದಿನ್ ಪ್ರಾಂತ್ಯದ ಕಡಲಂಚಿನ ಆ ಜಿಲ್ಲೆಯಲ್ಲಿ ಎಂಟನೇ ತರಗತಿಯ ಜಾಣ ಮಕ್ಕಳಿಗೆಂದು ವರ್ಷಕ್ಕೊಮ್ಮೆ ಗಣಿತದ ಪರೀಕ್ಷೆ ನಡೆಯುತ್ತದೆ. ಆ ವರ್ಷ ಬರೆದವರು ನೂರ ಹದಿನೆಂಟು ಮಂದಿ. ಅವರಲ್ಲಿ ಹದಿನೈದು ಮಂದಿ ಜಿಲ್ಲೆಯ ತಂಡಕ್ಕೆ ಹೋಗುತ್ತಾರೆ. ತಿದ್ದುವ ಮೊದಲು ಪ್ರತಿ ಪತ್ರಿಕೆಯ ತಲೆಯನ್ನು, ಅಂದರೆ ಹೆಸರು ಮತ್ತು ಶಾಲೆ ಬರೆದ ಪಟ್ಟಿಯನ್ನು, ಕತ್ತರಿಸಿ ಲಕೋಟೆಗೆ ಹಾಕಿ ಅರಗು ಹಚ್ಚುತ್ತಾರೆ. ಉಳಿದ ಮುಂಡದ ಮೇಲೆ ಒಂದು ನಂಬರು ಮಾತ್ರ. ತಿದ್ದುವವರಿಗೆ ಯಾರದೆಂದು ತಿಳಿಯಲೆಂದು ಮಗು ಏನಾದರೂ ಗುರುತು ಹಾಕಿದ್ದರೆ ಪತ್ರಿಕೆ ರದ್ದಾಗುತ್ತದೆ. ಆ ಮಗು ಮುಂದಿನ ವರ್ಷವೂ ಕೂರುವಂತಿಲ್ಲ.

ಗುರುತು ಹುಡುಕುವುದರಲ್ಲಿ ಮೆನ್ ಅವರನ್ನು ಮೀರಿಸಿದವರು ಆ ಜಿಲ್ಲೆಯಲ್ಲಿ ಇರಲಿಲ್ಲ. ವಯಸ್ಸು ಐವತ್ತಮೂರು, ಗಣಿತ ಕಲಿಸಲು ಹಿಡಿದು ಮೂವತ್ತು ವರ್ಷ, ಪತ್ರಿಕೆ ತಿದ್ದಲು ಹಿಡಿದು ಇಪ್ಪತ್ತಾರು. ಚಾಪೆ ನೇಯುವವರ ಮನೆಯ ಹುಡುಗಿ. ತಾಯಿ ಕೊಂಡು ತಂದ ಜೊಂಡಿನ ಕಂತೆಯಲ್ಲಿ ಮಾರಿದವರು ಒದ್ದೆ ಜೊಂಡು ಸೇರಿಸಿ ತೂಕ ಹೆಚ್ಚಿಸಿದ್ದಾರೆಯೇ ಎಂದು ಎಂಟನೇ ವಯಸ್ಸಿಗೇ ಕೈಯಿಟ್ಟು ಹೇಳುತ್ತಿದ್ದಳು ಎಂದು ಅವರ ಅಣ್ಣಂದಿರು ಈಗಲೂ ನಗುತ್ತಾರೆ. ಮೆನ್ ಎಂದರೆ ಅವರ ಭಾಷೆಯಲ್ಲಿ ಅಕ್ಕರೆ. 'ಹೆಸರು ಇಟ್ಟವರಿಗೆ ಮಗು ಎಂಥದ್ದು ಅಂತ ಗೊತ್ತಾಗ್ಲಿಲ್ಲ' ಎನ್ನುವುದು ಅವರ ಗಂಡ ಚಿಯೂ ಮನೆಗೆ ಬಂದವರಿಗೆಲ್ಲ ಹೇಳುವ ಮಾತು. ಚಿಯೂ ಮೊದಲು ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದವರು, ಈಗ ಮನೆಯ ಮುಂದೆ ಫ್ಯಾನು ರಿಪೇರಿ ಮಾಡುತ್ತಾರೆ. ಮದುವೆಯ ಮಾತುಕತೆಗೆ ಹೋದ ದಿನ ಹುಡುಗಿ ಗಂಡಿನ ಗುರುತಿನ ಚೀಟಿಯನ್ನು ಎರಡು ಸಲ ಕೇಳಿ ನೋಡಿದಳು ಎಂದೂ ಹೇಳುತ್ತಾರೆ. ಮೆನ್ ಅದನ್ನು ಅಲ್ಲಗಳೆದಿಲ್ಲ.

೧೯೯೯ರಲ್ಲಿ ಮೂರು ಪತ್ರಿಕೆಗಳಲ್ಲಿ ಪೂರ್ಣವಿರಾಮದ ಚುಕ್ಕಿಯ ಬದಲು ಪುಟ್ಟ ಸೊನ್ನೆ ಇದ್ದದ್ದನ್ನು ಹಿಡಿದವರು ಅವರು. ತಿದ್ದುತ್ತಿದ್ದವರಲ್ಲೇ ಒಬ್ಬರ ಕೆಲಸ ಹೋಯಿತು. ಆಮೇಲೆ ಪ್ರತಿ ವರ್ಷ ಅವರಿಗೆ ತಪ್ಪದೆ ಕರೆ ಬರುತ್ತಿತ್ತು. ಚಹಾದ ಹೊತ್ತಿಗೆ ಅವರ ಮೇಜಿಗೆ ಯಾರೂ ಬಂದು ಕೂರುತ್ತಿರಲಿಲ್ಲ.

ಅದು ಏಪ್ರಿಲ್ ಮೊದಲ ವಾರದ ಸೋಮವಾರ. ಹವೆಯ ತೇವಕ್ಕೆ ನೆಲದ ಹಾಸುಕಲ್ಲು ಬೆವೆತು ಕಾಲು ಜಾರುತ್ತಿತ್ತು. ಕಾಗದಗಳು ತಟ್ಟೆಯಲ್ಲಿಟ್ಟು ಮರೆತ ಹಪ್ಪಳದಂತೆ ಮೆತ್ತಗಾಗಿದ್ದವು. ಮೆನ್ ಇನ್ನೂ ತಿದ್ದದೆ ಉಳಿದ ಕಟ್ಟನ್ನೂ ಪೂರ್ತಿ ಬಿಡಿಸಿ ಹನ್ನೊಂದು ಗಂಟೆಯ ಹೊತ್ತಿಗೆ ಅರವತ್ತಮೂರು ಮತ್ತು ತೊಂಬತ್ತನೇ ನಂಬರುಗಳನ್ನೂ ಹೆಕ್ಕಿದರು. ನಾಲ್ಕರಲ್ಲೂ ಅದೇ ಸಾಲು, ಅದೇ ಶೇಷ.

ಪ್ರಶ್ನೆ ಕಷ್ಟದ್ದಾಗಿರಲಿಲ್ಲ. x³ + x²y + 3y³ ಎಂಬ ಬಹುಪದೋಕ್ತಿಯನ್ನು x + y ಇಂದ ಭಾಗಿಸಿ ಭಾಗಲಬ್ಧ ಮತ್ತು ಶೇಷ ಬರೆಯಬೇಕು. ಒಂದೂವರೆ ಅಂಕ. ಮೊದಲ ಪದ x³. ಅದನ್ನು x ಇಂದ ಭಾಗಿಸಿದರೆ x². ಆ x² ಇಂದ x + y ಯನ್ನು ಗುಣಿಸಿ ಕಳೆದರೆ ಮೊದಲ ಎರಡು ಪದಗಳೂ ಒಟ್ಟಿಗೆ ಹೋಗುತ್ತವೆ. ಉಳಿಯುವುದು 3y³. ಅದರಲ್ಲಿ x ಇಲ್ಲ, ಭಾಗಾಕಾರ ಅಲ್ಲಿಗೆ ನಿಂತಿತು. ಒಂದೇ ಹೆಜ್ಜೆ.

ಈ ನಾಲ್ವರು ಭಾಜ್ಯವನ್ನು ತಿರುವಿ ಹಾಕಿದ್ದರು: 3y³ + x²y + x³. ಭಾಜಕವನ್ನೂ y + x ಎಂದು ಬರೆದಿದ್ದರು. y ಇಂದ ಶುರುಮಾಡಿ 3y², ಆಮೇಲೆ −3xy, ಆಮೇಲೆ 4x² ಎಂದು ಮೂರು ಹೆಜ್ಜೆ ಇಳಿದು, ಕೊನೆಗೆ −3x³ ಎಂಬ ಶೇಷಕ್ಕೆ ಬಂದಿದ್ದರು. ಒಂದು ಹೆಜ್ಜೆಯ ದಾರಿ ಕಣ್ಣೆದುರಿಗೇ ಇರುವಾಗ ಮೂರು ಹೆಜ್ಜೆಯ ದಾರಿ ಹಿಡಿಯುವ ಜಾಣ ಮಗುವನ್ನು ಮೆನ್ ಮೂವತ್ತು ವರ್ಷದಲ್ಲಿ ನೋಡಿರಲಿಲ್ಲ. ಅಂಥವರು ನಾಲ್ಕು ಮಂದಿ, ಅದೂ ಒಂದೇ ಮಾತು ಬರೆದವರು.

ಪ್ರತಿ ಪತ್ರಿಕೆಯನ್ನು ಇಬ್ಬರು ತಿದ್ದುತ್ತಾರೆ. ಮೊದಲಿನವರು ಪತ್ರಿಕೆಯ ಮೇಲೆ ಏನೂ ಬರೆಯದೆ ಅಂಕವನ್ನು ಬೇರೆ ಚೀಟಿಯಲ್ಲಿ ಬರೆದಿಡಬೇಕು. ಮೊದಲು ತಿದ್ದಿದವನು ತ್ವಾನ್. ಮೂವತ್ತೊಂದು ವರ್ಷದವನು, ಒಂದು ಕಾಲದಲ್ಲಿ ಮೆನ್ ಅವರ ತರಗತಿಯಲ್ಲೇ ಕಲಿತವನು. ಮೆನ್ ಅವನ ಚೀಟಿಗಳನ್ನು ತೆಗೆದು ನೋಡಿದರು. ಹನ್ನೆರಡಕ್ಕೆ ಐದನೇ ಪ್ರಶ್ನೆಯಲ್ಲಿ ಒಂದೂವರೆ. ನಲವತ್ತೇಳಕ್ಕೆ ಒಂದೂವರೆ. ಅರವತ್ತಮೂರು, ತೊಂಬತ್ತು, ಅವಕ್ಕೂ ಒಂದೂವರೆ. ಮಾದರಿ ಉತ್ತರದ ಪ್ರಕಾರ ಸೊನ್ನೆ ಬರಬೇಕಾದ ಕಡೆ ಪೂರ್ತಿ ಅಂಕ.

ಅವರು ಎದ್ದು ಹೋಗಿ ತಿದ್ದುವ ಮಂಡಳಿಯ ಮುಖ್ಯಸ್ಥರಾದ ಖಾಂಗ್ ಅವರ ಮೇಜಿನ ಮೇಲೆ ನಾಲ್ಕೂ ಪತ್ರಿಕೆ, ನಾಲ್ಕೂ ಚೀಟಿ ಇಟ್ಟರು. ಪ್ರಶ್ನೆಪತ್ರಿಕೆ ಮಾಡಿದವರೂ ಖಾಂಗ್ ಅವರೇ.

ಖಾಂಗ್ ಓದಿ, ಕನ್ನಡಕ ತೆಗೆದರು. "ಹೆಸರಿನ ಪ್ರಕಾರ! ಇಷ್ಟು ಬಹಿರಂಗವಾಗಿ ಗುರುತು ಹಾಕೋ ಧೈರ್ಯ ಯಾರಿಗಿತ್ತು ಅಕ್ಕ?"

"ಅದನ್ನೇ ನಾನು ಕೇಳ್ತಿರೋದು."

"ನಾಲ್ಕೂ ರದ್ದು ಮಾಡಣ. ಮಧ್ಯಾಹ್ನ ವರದಿ ಬರೆದಿಡ್ತೀನಿ. ನೀವು, ನಾನು, ತ್ವಾನ್, ಮೂರು ಜನ ಸಹಿ ಹಾಕಿದ್ರೆ ಮುಗೀತು." ಆಮೇಲೆ ದನಿ ತಗ್ಗಿಸಿದರು. "ತ್ವಾನ್ ವಿಷಯ ಬೇರೆ ನೋಡಣ. ಇಂಥದ್ದು ನಿಮ್ಮ ಕಣ್ಣಿಗೆ ಬಿದ್ರೆ ಉಳಿಯುತ್ತಾ?"

ಹೊಗಳಿಕೆ ಕೇಳಿದಾಗಲೆಲ್ಲ ಮೆನ್ ಅವರಿಗೆ ಹೊಗಳಿದವರ ಮೇಲೆ ಒಂದು ಸಣ್ಣ ಅನುಮಾನ ಹುಟ್ಟುತ್ತಿತ್ತು. ಆವತ್ತೂ ಹುಟ್ಟಿತು. ಅದನ್ನು ಆಗ ಪಕ್ಕಕ್ಕಿಟ್ಟರು.

ಊಟದ ಬಿಡುವಿನಲ್ಲಿ ತ್ವಾನ್ ಎದುರಿನ ಅಂಗಡಿಯಲ್ಲಿ ಫೋ ಎಂಬ ಅಕ್ಕಿ ಶಾವಿಗೆಯ ಸಾರು ತಿನ್ನುತ್ತ ಕುಳಿತಿದ್ದ. ಮೆನ್ ಹೋಗಿ ಅವನೆದುರಿಗೇ ಸ್ಟೂಲು ಎಳೆದುಕೊಂಡರು. ಸುತ್ತಲಿನ ಶಿಕ್ಷಕರು ತಮ್ಮ ಬಟ್ಟಲುಗಳ ಕಡೆಗೆ ಬಗ್ಗಿದರು.

"ಗೋಮಾಂಸ ಚೆನ್ನಾಗಿ ಬೆಂದಿರೋದು ಹಾಕ್ಲಾ, ಟೀಚರಮ್ಮ?" ಅಂಗಡಿಯವಳು ಕೇಳಿದಳು.

"ಹಾಕು. ಸೋರೋ ಸೌಟಲ್ಲಿ ಬಡಿಸಬೇಡ."

"ಅಯ್ಯೋ, ಬೇಕಾದ್ರೆ ನೀವೇ ಬಂದು ಬಡಿಸ್ಕೊಳಿ. ಸಾರಲ್ಲಿ ಎಷ್ಟು ಹನಿ ಇದೆ ಅಂತ ಎಣಿಸ್ಲೂಬಹುದು."

ಮೆನ್ ತ್ವಾನ್ ಕಡೆ ತಿರುಗಿದರು. "ನಿನ್ನ ಹೆಂಡತಿ ಯಾವ ಊರಿನವಳು?"

"ಮದುವೆಗೆ ಬಂದು ಊಟ ಮಾಡ್ಕೊಂಡು ಹೋದವ್ರು ನೀವೇ ಅಲ್ವಾ, ಟೀಚರ್?"

"ಅವಳ ಕಡೆಯವರ ಮಕ್ಕಳು ಈ ವರ್ಷ ಪರೀಕ್ಷೆಗೆ ಕೂತಿದಾರಾ?"

ತ್ವಾನ್ ಚಾಪ್‌ಸ್ಟಿಕ್ ಕೆಳಗಿಟ್ಟ. ಅವನ ಕಿವಿ ಕೆಂಪಾಗಿತ್ತು. "ಐದನೇ ಪ್ರಶ್ನೆ ವಿಷಯಾನಾ? ಕೂತಿಲ್ಲ. ಯಾರೂ ಕೂತಿಲ್ಲ. ಉತ್ತರ ಸರಿ ಇತ್ತು, ಅಂಕ ಕೊಟ್ಟೆ."

"ಮಾದರಿ ಉತ್ತರದಲ್ಲಿ ಶೇಷ 3y³ ಅಂತ ಇದೆ. ಇವ್ರು ಬರೆದಿರೋದು −3x³. ಎರಡೂ ಸರಿನಾ?"

"x ಒಂದು, y ಎರಡು ಅಂತ ಇಟ್ಟು ನೋಡಿ." ಅವನು ಬೆರಳನ್ನು ಸಾರಿನಲ್ಲಿ ಅದ್ದಿ ಮೇಜಿನ ಮೇಲೆ ಬರೆದ. "ಭಾಜ್ಯ ಇಪ್ಪತ್ತೇಳು. ಭಾಜಕ ಮೂರು. ಮಾದರಿ ಉತ್ತರದಲ್ಲಿ ಭಾಗಲಬ್ಧ ಒಂದು, ಶೇಷ ಇಪ್ಪತ್ನಾಲ್ಕು. ಮೂರೊಂದ್ಲ ಮೂರು, ಇಪ್ಪತ್ನಾಲ್ಕು ಸೇರಿಸಿ ಇಪ್ಪತ್ತೇಳು. ಮಕ್ಕಳ ಉತ್ತರದಲ್ಲಿ ಭಾಗಲಬ್ಧ ಹತ್ತು, ಶೇಷ ಮೈನಸ್ ಮೂರು. ಮೂವತ್ತರಲ್ಲಿ ಮೂರು ಕಳೀರಿ. ಅದೂ ಇಪ್ಪತ್ತೇಳೇ."

"ನೀನು ಆರಿಸಿದ ಅಂಕಿಗೆ ಸರಿ ಬಂತು." ಮೆನ್ ಚೀಲದಿಂದ ಪೆನ್ನು ತೆಗೆದು ಅಂಗೈಯಲ್ಲಿ ಬರೆದುಕೊಂಡರು. x ಎರಡು, y ಒಂದು. ಭಾಜ್ಯ ಹದಿನೈದು, ಭಾಜಕ ಮೂರು. ಮಕ್ಕಳ ಭಾಗಲಬ್ಧ ಹದಿಮೂರು. ಮೂವತ್ತೊಂಬತ್ತರಲ್ಲಿ ಇಪ್ಪತ್ನಾಲ್ಕು ಕಳೆದರೆ ಹದಿನೈದು. ಅಷ್ಟಕ್ಕೂ ಬಿಡದೆ ಅಕ್ಷರಗಳಲ್ಲೇ ಗುಣಿಸಿ ನೋಡಿದರು. ಒಂದೊಂದು ಪದವೂ ತನ್ನ ಜಾಗಕ್ಕೆ ಬಂದು ಕೂತಿತು. ಒಂದಕ್ಕಿಂತ ಹೆಚ್ಚು ಅಕ್ಷರ ಇರುವ ಕಡೆ ಯಾವ ಅಕ್ಷರವನ್ನು ದೊಡ್ಡದು ಎಂದು ಇಟ್ಟುಕೊಳ್ಳುತ್ತೀರೋ ಅದರ ಮೇಲೆ ಭಾಗಲಬ್ಧವೂ ಶೇಷವೂ ನಿಲ್ಲುತ್ತವೆ. ಇದು ಅವರಿಗೆ ಗೊತ್ತಿಲ್ಲದ ಸಂಗತಿಯೇನೂ ಆಗಿರಲಿಲ್ಲ. ಆದರೆ ಎಂಟನೇ ತರಗತಿಯಲ್ಲಿ x ದೊಡ್ಡದಾಗಿರದ ದಿನವೇ ಅವರಿಗೆ ನೆನಪಿರಲಿಲ್ಲ.

"ಸರಿ ಅಲ್ವಾ ಟೀಚರ್?"

"ಲೆಕ್ಕ ಸರಿ. ತೊಂಬತ್ತೊಂಬತ್ತರಲ್ಲಿ ಹಿಡಿದ ಮೂರು ಪತ್ರಿಕೆಲೂ ಲೆಕ್ಕ ಸರಿನೇ ಇತ್ತು. ಕಳ್ಳರಿಗೆ ಗಣಿತ ಬರಲ್ಲ ಅಂತ ಯಾರು ಹೇಳಿದ್ದು ನಿಂಗೆ? ಹೆಸರಿನ ಪ್ರಕಾರ ಅಂತ ಯಾಕೆ ಬರೆದ್ರು, ಅದು ಹೇಳು."

ತ್ವಾನ್‌ಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದ. ಓದಿದಾಗ ತನಗೂ ವಿಚಿತ್ರ ಅನಿಸಿತ್ತು, ಲೆಕ್ಕ ಸರಿ ಬಂದದ್ದರಿಂದ ಮುಂದಕ್ಕೆ ಹೋದೆ ಎಂದ. ಆ ಉತ್ತರ ಮೆನ್ ಅವರಿಗೆ ಇಷ್ಟವಾಗಲಿಲ್ಲ. ಸುಳ್ಳು ಹೇಳುವವನು ಇದಕ್ಕಿಂತ ಒಳ್ಳೆಯ ಕಾರಣ ಹೇಳುತ್ತಿದ್ದ ಎಂದೂ ಅನಿಸಿತು. ಫೋ ಅರ್ಧಕ್ಕೇ ಬಿಟ್ಟು ಎದ್ದರು.

ಎರಡೂವರೆಗೆ ವರದಿ ಸಿದ್ಧವಾಗಿತ್ತು. ಖಾಂಗ್ ಅದನ್ನು ತಾವೇ ಟೈಪು ಮಾಡಿದ್ದರು. 'ನಾಲ್ಕು ಪತ್ರಿಕೆಗಳಲ್ಲಿ ಒಂದೇ ಬಗೆಯ ಸಂಕೇತವಾಕ್ಯ ಕಂಡುಬಂದಿದ್ದು, ಅವನ್ನು ರದ್ದುಪಡಿಸಲಾಗಿದೆ.' ಕೆಳಗೆ ಮೂರು ಹೆಸರು, ಮೂರು ಗೆರೆ. ಮೆನ್ ಮೂರು ಸಲ ಓದಿದರು.

"ನಾಲ್ಕೂ ಪತ್ರಿಕೆ ಇನ್ನೊಂದ್ಸಲ ಕೊಡಿ."

"ಇನ್ನೇನು ನೋಡ್ತೀರಾ ಅಕ್ಕ? ಕಂಡುಹಿಡಿದಿದ್ದೇ ನೀವು."

"ಸಂಕೇತ ಅಂದ್ಮೇಲೆ ಒಂದೇ ಕಡೆ ಹಾಕಿರ್ತಾರಾ? ಬೇರೆ ಕಡೆನೂ ಇರಬೇಕು."

ಹುಡುಕಿದ್ದು ಸಿಕ್ಕಿತು, ಎರಡನೇ ಪ್ರಶ್ನೆಯಲ್ಲಿ. ಅಲ್ಲಿ a, b, c ಎಂಬ ಮೂರು ಅಕ್ಷರಗಳ ಬಹುಪದೋಕ್ತಿಯನ್ನು ಅಪವರ್ತಿಸಬೇಕಿತ್ತು. ಉಳಿದ ಮಕ್ಕಳೆಲ್ಲ a ಇರುವ ಪದವನ್ನು ಮೊದಲು ಬರೆದಿದ್ದರೆ ಈ ನಾಲ್ವರು c ಇರುವ ಪದಗಳನ್ನು ಮೊದಲು ಒಟ್ಟುಮಾಡಿದ್ದರು. ನಾಲ್ವರೂ. ಮೆನ್ ಅವರಿಗೆ ಒಂದು ಕ್ಷಣ ಗುರುತು ಹಿಡಿದ ಹಳೆಯ ಖುಷಿಯಾಯಿತು. ತೊಂಬತ್ತನೇ ನಂಬರಿನ ಮಗು a²c ಮತ್ತು b²c ಎಂಬ ಎರಡು ಪದಗಳ ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ ಇನ್ನೊಂದು ಮಾತನ್ನೂ ಬರೆದಿತ್ತು: 'ಹೆಸರು ಒಂದೇ ಆದ್ದರಿಂದ ಮನೆತನ ನೋಡಬೇಕು'.

ಸಂಕೇತಕ್ಕೆ ಇಷ್ಟು ವಿವರಣೆ ಯಾಕೆ ಬೇಕು? ಈ ಮಗು ಯಾರಿಗೋ ಗುಟ್ಟು ಹೇಳುತ್ತಿರುವಂತೆ ಕಾಣಲಿಲ್ಲ. ಕಲಿತ ನಿಯಮವನ್ನು ಮರೆಯದಂತೆ ಒಪ್ಪಿಸುತ್ತಿರುವಂತೆ ಕಂಡಿತು.

ಅಷ್ಟರಲ್ಲಿ ಗುಮಾಸ್ತೆ ಮಧ್ಯಾಹ್ನದ ಹಾಜರಿ ಹಾಳೆ ತಂದು ಮುಂದಿಟ್ಟಳು. ಮೆನ್ ಅವರ ಕೈ ಎಂದಿನಂತೆ ತಾನಾಗಿಯೇ ಅವರ ಹೆಸರಿನ ಸಾಲಿಗೆ ಹೋಯಿತು, ಅಲ್ಲೇ ನಿಂತಿತು. ವು ಖಾಕ್ ಖಾಂಗ್. ದೋಆನ್ ಥಿ ಮೆನ್. ಬುಯಿ ದಿನ್ ತ್ವಾನ್. ಮನೆತನದ ಹೆಸರು ಮೊದಲು, ಕರೆಯುವ ಹೆಸರು ಕೊನೆಗೆ. ಅರ್ಧ ಊರಿಗೆ ನಾಲ್ಕೈದೇ ಮನೆತನದ ಹೆಸರು. ಅದಕ್ಕೇ ಎಲ್ಲ ಪಟ್ಟಿಯನ್ನೂ ಕೊನೆಯ ಪದ ನೋಡಿಯೇ ಅವರ ಲಿಪಿಯ ಅಕ್ಷರಕ್ರಮಕ್ಕೆ ಹಾಕುತ್ತಾರೆ. ಕೊನೆಯ ಪದ ಇಬ್ಬರಿಗೂ ಒಂದೇ ಆದರೆ ಆಗ ಮನೆತನ ನೋಡುತ್ತಾರೆ. ಶಾಲೆಯ ಹಾಜರಿ ಪುಸ್ತಕ ಹೀಗೇ, ಮತದಾರರ ಪಟ್ಟಿಯೂ ಹೀಗೇ.

ಯಾವುದೋ ಶಾಲೆಯಲ್ಲಿ, ಪದಗಳನ್ನು ಜೋಡಿಸಿಕೊಳ್ಳದೆ ದೀರ್ಘ ಭಾಗಾಕಾರಕ್ಕೆ ಕೈಹಾಕುವ ಮಕ್ಕಳಿಗೆ ಯಾರೋ ಶಿಕ್ಷಕರು ಹೇಳಿರಬೇಕು: ಹಾಜರಿ ಪುಸ್ತಕದ ಹಾಗೆ ಜೋಡಿಸಿ, ಕೊನೆಯ ಅಕ್ಷರ ನೋಡಿ. x²y ಎಂಬ ಪದವನ್ನು ಕರೆಯುವ ಹೆಸರು y, x ಅದರ ಮನೆತನ; ಮೊದಲು ನೋಡುವುದು ಹೆಸರನ್ನು. ಹಾಗಾದರೆ y ದೊಡ್ಡದು. ನಾಲ್ಕೂ ಮಕ್ಕಳು ಅದನ್ನೇ ಮಾಡಿದ್ದರು. ಮತ್ತು ಮಾಡಿದ್ದು ಸರಿಯೇ ಇತ್ತು, ಯಾಕೆಂದರೆ...

ಮೆನ್ ಪ್ರಶ್ನೆಪತ್ರಿಕೆಯನ್ನು ಎಳೆದುಕೊಂಡು ಐದನೇ ಪ್ರಶ್ನೆಗೆ ಬೆರಳಿಟ್ಟು, ಒಂದೊಂದೇ ಪದವಾಗಿ ಓದಿದರು.

"ಖಾಂಗ್, ಇಲ್ಲಿ ಯಾವ ಅಕ್ಷರವನ್ನ ಚರಾಕ್ಷರ ಅಂತ ಇಟ್ಕೋಬೇಕು ಅನ್ನೋದು ಎಲ್ಲಿದೆ?"

"ಅದನ್ನೂ ಹೇಳ್ಬೇಕಾ? x ಅಂತ ಎಲ್ಲರಿಗೂ ಗೊತ್ತು."

"ನಾಲ್ಕು ಜನಕ್ಕೆ ಗೊತ್ತಿರಲಿಲ್ಲ. ಹೇಳದೇ ಇರೋದನ್ನ ಅವ್ರು ಹೆಸರಿನ ಪ್ರಕಾರ ಅಂತ ತಾವೇ ಹೇಳ್ಕೊಂಡು ಮಾಡಿದ್ರು. ಎರಡು ಉತ್ತರವೂ ಸರಿ. ತಪ್ಪಿರೋದು ಪ್ರಶ್ನೆಯಲ್ಲಿ." ಅವರು ಹಾಜರಿ ಹಾಳೆಯನ್ನು ತೊಂಬತ್ತನೇ ನಂಬರಿನ ಪಕ್ಕದಲ್ಲಿಟ್ಟು ತೋರಿಸಿದರು. ಪಕ್ಕದ ಮೇಜಿನಿಂದ ತ್ವಾನ್ ಎದ್ದು ಬಂದು ಬಗ್ಗಿ ನೋಡಿ, ಮೊದಲು ಸಣ್ಣಗೆ, ಆಮೇಲೆ ಜೋರಾಗಿ ನಕ್ಕುಬಿಟ್ಟ.

ಖಾಂಗ್ ನಗಲಿಲ್ಲ. "ಇದು ಪ್ರಾಂತ್ಯದ ಕಚೇರಿಗೆ ಹೋದ್ರೆ ಏನಾಗುತ್ತೆ ಗೊತ್ತಾ ಅಕ್ಕ? ಪ್ರಶ್ನೆ ತಪ್ಪು ಅಂದ್ರೆ ಪರೀಕ್ಷೆ ತಪ್ಪು ಅಂತಾರೆ. ನಾಲ್ಕು ಮಕ್ಕಳ ವಿಷಯ ಇಲ್ಲೇ ಮುಗಿಸಬಹುದು."

"ಕಳ್ಳರು ಅಂತ ಮುಗಿಸೋದಾ?"

ಖಾಂಗ್ ಮೇಜಿನ ಸೆಳೆಗೂಡು ಎಳೆದು ಮಾದರಿ ಉತ್ತರದ ಹಾಳೆ ತೆಗೆದು ಅವರ ಮುಂದಿಟ್ಟರು. ತಿದ್ದುವ ಕೆಲಸ ಶುರುವಾಗುವ ಮೊದಲು ತಿದ್ದುವವರೆಲ್ಲ ಕೂತು ಅದನ್ನು ಚರ್ಚಿಸಿ, ಒಪ್ಪಿ, ಸಹಿ ಹಾಕುವುದು ಪದ್ಧತಿ. "ನೋಡಿ. ನಿಮ್ಮ ಸಹಿ ಇದೆ. ಪ್ರಶ್ನೆ ತಪ್ಪು ಅಂತ ಬರೆದ್ರೆ ನಿಮ್ಮ ಹೆಸರೂ ಅದರಲ್ಲಿ ಬರುತ್ತೆ."

ಮೆನ್ ತಮ್ಮದೇ ಸಹಿಯನ್ನು ಬೇರೆ ಯಾರೋ ಹಾಕಿದ್ದೇನೋ ಎಂಬಂತೆ ಹತ್ತಿರ ಹಿಡಿದು ನೋಡಿದರು. ತಮ್ಮದೇ. ಮಕ್ಕಳ ಕಾಗದವನ್ನು ಇಪ್ಪತ್ತಾರು ವರ್ಷ ಬೆಳಕಿಗೆ ಹಿಡಿದಿದ್ದರು. ಮುದ್ರಿಸಿ ಬಂದ ಪ್ರಶ್ನೆಯನ್ನು ಒಂದು ದಿನವೂ ಹಾಗೆ ಹಿಡಿದು ನೋಡಿರಲಿಲ್ಲ. ಇನ್ನೊಂದು ಸಂಗತಿಯೂ ಅವರ ಕಣ್ಣಿಗೆ ಬಿತ್ತು. ಸೆಳೆಗೂಡು ತುಂಬ ಕಡತಗಳಿದ್ದವು, ಖಾಂಗ್ ಹುಡುಕಿರಲಿಲ್ಲ. ಆ ಹಾಳೆ ಎಲ್ಲಕ್ಕಿಂತ ಮೇಲೆಯೇ ಇತ್ತು.

"ಮಧ್ಯಾಹ್ನ ಇದನ್ನ ತೆಗೆದು ನೋಡಿದ್ರಾ ನೀವು? ವರದಿ ಟೈಪು ಮಾಡೋಕೆ ಮೊದಲು?"

ಖಾಂಗ್ ಥರ್ಮಾಸಿನಿಂದ ಎರಡು ಲೋಟಕ್ಕೆ ಹಸಿರು ಚಹಾ ಬಗ್ಗಿಸಿದರು. ಒಂದನ್ನು ಅವರ ಕಡೆ ಸರಿಸಿದರು. "ಚಹಾ ಕುಡೀರಿ ಅಕ್ಕ. ಆರಿಹೋಗುತ್ತೆ."

ಮೆನ್ ಲೋಟ ಮುಟ್ಟಲಿಲ್ಲ. ಕೆಂಪು ಪೆನ್ನನ್ನು ಬಿಟ್ಟು ನೀಲಿ ಪೆನ್ನು ತೆಗೆದುಕೊಂಡು, ಟೈಪಾದ ವರದಿಯ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ಕೈಬರಹದಲ್ಲಿ ಬರೆದರು: 'ಐದನೇ ಪ್ರಶ್ನೆಯಲ್ಲಿ ಚರಾಕ್ಷರ ಯಾವುದೆಂದು ಹೇಳಿಲ್ಲ. ಎರಡೂ ಉತ್ತರಗಳಿಗೆ ಪೂರ್ತಿ ಅಂಕ ಕೊಡಬೇಕು. ಮಾದರಿ ಉತ್ತರಕ್ಕೆ ಸಹಿ ಹಾಕುವಾಗ ನಾನು ಇದನ್ನು ಗಮನಿಸಲಿಲ್ಲ.' ಸಹಿ ಹಾಕಿ ತ್ವಾನ್ ಕಡೆ ತಳ್ಳಿದರು. ಅವನು ಓದದೆ ಪೆನ್ನು ಎತ್ತಿದ.

"ಓದಿ ಹಾಕೋ," ಎಂದರು ಮೆನ್. "ನಾನು ಬರೆದಿದ್ದು ಅಂತ ನಂಬ್ತೀಯಾ?"

ಅವನು ಓದಿ ಸಹಿ ಹಾಕಿದ. ಹಾಳೆ ಖಾಂಗ್ ಅವರ ಮುಂದೆ ಇಪ್ಪತ್ತು ನಿಮಿಷ ಇತ್ತು. ಅವರು ಎದ್ದು ಕಿಟಕಿಯವರೆಗೆ ಹೋಗಿ ಬಂದರು, ಒಂದು ಫೋನು ಮಾಡಿದರು, ಆ ಕಡೆಯವರು ಎತ್ತಲಿಲ್ಲ. ಮೆನ್ ಕುರ್ಚಿ ಬಿಟ್ಟು ಅಲುಗಲಿಲ್ಲ. ಹಾಳೆಯನ್ನು ಅಲ್ಲಿ ಬಿಟ್ಟು ಎದ್ದರೆ ಅದು ಅಲ್ಲೇ ಇರುತ್ತದೆಂಬ ಭರವಸೆ ಅವರಿಗೆ ಇರಲಿಲ್ಲ. ನಾಲ್ಕು ಗಂಟೆಗೆ ಐದು ನಿಮಿಷ ಇರುವಾಗ ಖಾಂಗ್ ಸಹಿ ಹಾಕಿದರು. ಮೆನ್ ಹಾಳೆಯ ಎರಡು ನೆರಳಚ್ಚು ತೆಗೆಸಿ ಒಂದನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು.

ಮಂಗಳವಾರ ಬೆಳಗ್ಗೆ ಏಳೂವರೆಗೆ ಮೂವರೂ ಮತ್ತೆ ಕುಳಿತು, ನೂರ ಹದಿನೆಂಟು ಪತ್ರಿಕೆಗಳ ಐದನೇ ಪ್ರಶ್ನೆಯನ್ನು ಒಂದನೇ ನಂಬರಿನಿಂದ ಹೊಸದಾಗಿ ತಿದ್ದಲು ಶುರುಮಾಡಿದರು.